ಹೊಸ ಬಡಾವಣೆ: ಮೊದಲು ನೀರಿನ ದಾರಿ, ಆಮೇಲೆ ಸೈಟಿನ ಗೆರೆ

ಪ್ರಶ್ನೆ: ನಾವು ಕೆಲವರು ಸೇರಿ 4 ಹೆಕ್ಟೇರ್ ಜಮೀನಿನಲ್ಲಿ ಬಡಾವಣೆ ಮಾಡುತ್ತಿದ್ದೇವೆ. ಸುಮಾರು 60 ಸೈಟು. ಜಮೀನು ಒಂದೇ ಕಡೆಗೆ ಇಳಿಜಾರಾಗಿದೆ. ಕೆಳಗಿನ ಅಂಚಿನಲ್ಲಿ ಸಣ್ಣ ಹಳ್ಳ, ಸ್ವಲ್ಪ ಮುಂದೆ ಆ ಹಳ್ಳ ರಸ್ತೆಯಡಿ ಹಾಯುವ ಹಳೇ ಮೋರಿ. ನಕ್ಷೆ ತಯಾರಾಗಿದೆ. ರಸ್ತೆ ಪಕ್ಕ ಪೈಪ್ ಹಾಕಿ ಮಳೆನೀರನ್ನು ಹಳ್ಳಕ್ಕೆ ಬಿಟ್ಟರೆ ಮುಗಿಯಿತು ಎನ್ನುತ್ತಾರೆ ಒಬ್ಬರು. ಮೂಲೆಯಲ್ಲಿ ಹೊಂಡ ತೋಡಿ ಎನ್ನುತ್ತಾರೆ ಇನ್ನೊಬ್ಬರು. ಮನೆಗೊಂದು ಇಂಗುಗುಂಡಿ ಸಾಕು ಎನ್ನುವವರೂ ಇದ್ದಾರೆ. ಯಾರ ಮಾತು ಸರಿ? ಹೊಂಡ ಬೇಕಾದರೆ ಎಷ್ಟು ದೊಡ್ಡದು? ಹಳೇ ಮೋರಿಯನ್ನು ದೊಡ್ಡದು ಮಾಡಿಸಬೇಕಾ?

ಉತ್ತರ: ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ನಿಮ್ಮ ಪ್ರಶ್ನೆ ಓದುವಾಗ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯೇ ಮಾತು. 'ನಕ್ಷೆ ತಯಾರಾಗಿದೆ' ಅಂದಿದ್ದೀರಿ. ಮಳೆನೀರಿನ ಲೆಕ್ಕ ಇನ್ನೂ ಆಗಿಲ್ಲ ಎಂದರೆ ನಕ್ಷೆಯೂ ತಯಾರಾಗಿಲ್ಲ. ಸೈಟುಗಳ ಗೆರೆ ಎಳೆದಾದ ಮೇಲೆ ನೀರಿಗೆ ದಾರಿ ಹುಡುಕಲು ಹೊರಟರೆ ಕೈಯಲ್ಲಿ ಉಳಿಯುವುದು ಪೈಪ್ ಒಂದೇ. ನೀರಿನ ದಾರಿಯನ್ನು ಮೊದಲು ಬಿಟ್ಟುಕೊಟ್ಟು ಆಮೇಲೆ ಸೈಟು ಕೂರಿಸಿದರೆ ಎಷ್ಟೋ ಪೈಪ್ ಬೇಕಾಗುವುದೇ ಇಲ್ಲ. ನಿಮ್ಮ ನಕ್ಷೆ ಇನ್ನೂ ಕಾಗದದ ಮೇಲೇ ಇದೆ, ಅಲ್ವಾ? ಹಾಗಾದರೆ ತಿದ್ದಲು ಹೊತ್ತು ಮೀರಿಲ್ಲ.

ಶುರು ಮಾಡಬೇಕಾದ್ದು ಕಾಂಟೂರ್ ಸರ್ವೆಯಿಂದ, ಅಂದರೆ ಒಂದೇ ಎತ್ತರದ ಜಾಗಗಳನ್ನು ಗೆರೆ ಎಳೆದು ಜೋಡಿಸಿ ನೆಲದ ಏರಿಳಿತ ತೋರಿಸುವ ಸರ್ವೆಯಿಂದ. ಅರ್ಧ ಮೀಟರ್ ಎತ್ತರಕ್ಕೆ ಒಂದರಂತೆ ಗೆರೆಗಳಿರಲಿ. ನೆಲ ತೀರಾ ಚಪ್ಪಟೆಯಿದ್ದರೆ ಇನ್ನೂ ಹತ್ತಿರ ಬೇಕು. ಸರ್ವೆ ನಿಮ್ಮ ಬೇಲಿಗೇ ನಿಲ್ಲಬಾರದು. ಮೇಲಿನ ಜಮೀನಿನಿಂದ ಎಷ್ಟು ನೀರು ನಿಮ್ಮ ಒಳಗೆ ಬರುತ್ತದೆ, ಕೆಳಗೆ ಹಳ್ಳ ಎಲ್ಲಿಗೆ ಹೋಗುತ್ತದೆ, ಎರಡೂ ಗೊತ್ತಾಗಬೇಕು. ಆ ನಕ್ಷೆ ಹಿಡಿದು, ಒಂದು ಒಳ್ಳೆಯ ಮಳೆ ಬಂದಾಗ ಜಮೀನಿನಲ್ಲಿ ಓಡಾಡಿ ಬನ್ನಿ. ನೀರು ಎಲ್ಲಿ ಸೇರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಮಣ್ಣು ಕೊರೆಯುತ್ತದೆ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಕಂಪ್ಯೂಟರಿನಲ್ಲಿ ಕಾಣದ ಎಷ್ಟೋ ಸಂಗತಿ ಆಗ ಕಣ್ಣಿಗೆ ಬೀಳುತ್ತವೆ.

ಜನ ಮರೆಯುವುದು ಈ ಮೇಲಿನ ನೀರನ್ನೇ. ನಿಮ್ಮದು 4 ಹೆಕ್ಟೇರ್ ಇರಬಹುದು. ಮೇಲಿನ 10 ಹೆಕ್ಟೇರ್ ನೆಲದ ನೀರು ನಿಮ್ಮ ಜಮೀನು ದಾಟಿಯೇ ಹಳ್ಳ ಸೇರುತ್ತಿದ್ದರೆ ಅದು ನಾಳೆಯೂ ಹಾಗೇ ಬರುತ್ತದೆ. ಬಡಾವಣೆ ಆಯಿತು ಎಂದು ಅದು ದಾರಿ ಬದಲಿಸುವುದಿಲ್ಲ. ಮೇಲಿನ ಅಂಚಿಗೆ ಸುಮ್ನೆ ಒಂದು ಕಾಂಪೌಂಡ್ ಗೋಡೆ ಕಟ್ಟಿಬಿಟ್ಟರೆ ಗೋಡೆಯೇ ಒಡ್ಡಾಗುತ್ತದೆ. ಒಂದು ದಿನ ಗೋಡೆ ಬೀಳುತ್ತದೆ, ಇಲ್ಲವೇ ಪಕ್ಕದವರ ಜಮೀನು ಮುಳುಗುತ್ತದೆ. ಅದಕ್ಕೇ ಈ ನೀರಿಗೆ ಬೇರೆ ಕಾಲುವೆ ಕೊಡಿ. ಅಂಚಿನಲ್ಲೇ ತಿರುಗಿಸಿ ಕೆಳಕ್ಕೆ ಒಯ್ಯಿರಿ. ನಿಮ್ಮ ಹೊಂಡದೊಳಕ್ಕೆ ತಂದು ಹಾಕಬೇಡಿ. ತಂದರೆ ಹೊಂಡ ಹಲವು ಪಟ್ಟು ದೊಡ್ಡದಾಗಬೇಕಾಗುತ್ತದೆ.

ಈಗ ಸೈಟುಗಳ ಕಡೆ ಬರೋಣ. ಜಮೀನಿನಲ್ಲಿ ಸಹಜವಾಗಿ ನೀರು ಹರಿಯುವ ತಗ್ಗು ಎಲ್ಲಿದೆಯೋ ಅಲ್ಲಿ ಉದ್ಯಾನ, ಹಸಿರು ಪಟ್ಟಿ ಅಥವಾ ರಸ್ತೆ ಬರಲಿ. ಮನೆ ಬೇಡ. ತಗ್ಗು ಮುಚ್ಚಿ ಸೈಟು ಮಾಡಿದರೆ ಮೊದಲ ಕೆಲವು ವರ್ಷ ಏನೂ ಆಗದಿರಬಹುದು. ದೊಡ್ಡ ಮಳೆ ಬಂದ ದಿನ ನೀರು ತನ್ನ ಹಳೇ ಜಾಗಕ್ಕೇ ಬರುತ್ತದೆ. ನಕ್ಷೆಯಲ್ಲಿ ನಾನು ಮೊದಲು ಹುಡುಕುವ ಇನ್ನೆರಡು ತಪ್ಪುಗಳಿವೆ. ಒಂದು, ಇಳಿಜಾರಿನ ತುದಿಯಲ್ಲಿ ಮುಗಿಯುವ ಕುರುಡು ರಸ್ತೆ. ಇಡೀ ರಸ್ತೆಯ ನೀರು ಅದರ ಕೊನೆಯ ಮನೆಯ ಗೇಟಿನ ಮುಂದೆ ಬಂದು ನಿಲ್ಲುತ್ತದೆ, ಮುಂದಕ್ಕೆ ದಾರಿ ಇರುವುದಿಲ್ಲ. ಅಂಥ ರಸ್ತೆ ಇರಲೇಬೇಕು ಎಂದಾದರೆ ಕೊನೆಯ ಎರಡು ಸೈಟುಗಳ ನಡುವೆ ನೀರು ಹಾಯಲು ಒಂದು ಪಟ್ಟಿ ಬಿಡಿ, ಅದನ್ನು ಯಾರಿಗೂ ಮಾರಬೇಡಿ. ಎರಡು, ಮನೆಗಳ ಹಿತ್ತಲಲ್ಲಿ ಹಾಯುವ ಚರಂಡಿ. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಒಬ್ಬರು ಶೆಡ್ ಹಾಕುತ್ತಾರೆ, ಇನ್ನೊಬ್ಬರು ಮಣ್ಣು ತುಂಬುತ್ತಾರೆ, ಮತ್ತೊಬ್ಬರ ಗೋಡೆ ಅಡ್ಡ ಬರುತ್ತದೆ. ಅಲ್ಲಿ ಹೋಗಿ ಸ್ವಚ್ಛ ಮಾಡಲು ಯಾರಿಗೂ ದಾರಿ ಇರುವುದಿಲ್ಲ. ಆದಷ್ಟೂ ಪ್ರತಿ ಸೈಟೂ ರಸ್ತೆಯ ಕಡೆಗೇ ಇಳಿಯುವ ಹಾಗೆ ಮಟ್ಟ ಮಾಡಿಸಿ. 2 ಶೇಕಡಾ ಇಳಿಜಾರು ಇದ್ದರೆ ಸಾಕು. ಮನೆಯ ಗೋಡೆಗೆ ತಾಗಿದ ಮೊದಲ 3 ಮೀಟರಿನಲ್ಲಿ ಮಾತ್ರ 5 ಶೇಕಡಾ ಇರಲಿ.

ಪೈಪೇ ಇಲ್ಲದೆ ಬಡಾವಣೆ ಆಗುತ್ತದಾ ಎಂದು ಕೇಳುವವರಿಗೆ ನಾನು ಹೇಳುವ ಹೆಸರು ವಿಲೇಜ್ ಹೋಮ್ಸ್. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡೇವಿಸ್ ಎಂಬ ಊರಿದೆ. ಅಲ್ಲಿ 1970ರ ದಶಕದಲ್ಲಿ ಕಟ್ಟಿದ ಬಡಾವಣೆ ಇದು. ಮಳೆನೀರಿಗೆ ನೆಲದಡಿಯ ಪೈಪ್ ಬದಲು ಮನೆಗಳ ನಡುವಿನ ಹಸಿರು ಜಾಗದಲ್ಲಿ ಆಳವಿಲ್ಲದ ಹುಲ್ಲುಗಾಲುವೆಗಳನ್ನು ಮಾಡಿದರು. ಊರಿನ ಎಂಜಿನಿಯರುಗಳಿಗೆ ನಂಬಿಕೆ ಬರಲಿಲ್ಲ, ಜಾಮೀನು ಹಣ ಇಡಿಸಿಕೊಂಡ ಮೇಲೇ ಒಪ್ಪಿದರು. ಕಾಲುವೆಗಳು ಕೆಲಸ ಮಾಡಿದವು, ಪೈಪಿನಲ್ಲಿ ಉಳಿದ ಹಣ ಗಿಡಮರಕ್ಕೆ ಹೋಯಿತು. ಎಲ್ಲ ಜಮೀನಿಗೂ ಇದು ಒಗ್ಗುತ್ತದೆ ಎಂದಲ್ಲ. ಇಳಿಜಾರು 4 ಶೇಕಡಾ ದಾಟಿದರೆ ಹುಲ್ಲುಗಾಲುವೆಯಲ್ಲಿ ನೀರಿನ ಓಟ ಜಾಸ್ತಿಯಾಗಿ ಮಣ್ಣು ಕೊಚ್ಚುತ್ತದೆ, ಅಲ್ಲಲ್ಲಿ ಸಣ್ಣ ಕಲ್ಲಿನ ತಡೆ ಕಟ್ಟಬೇಕಾಗುತ್ತದೆ. ಆದರೆ ನೀರನ್ನು ಮೇಲೆಯೇ, ಕಣ್ಣಿಗೆ ಕಾಣುವ ಹಾಗೆ ಒಯ್ಯುವುದರಲ್ಲಿ ಒಂದು ದೊಡ್ಡ ಲಾಭ ಇದೆ. ಎಲ್ಲಾದರೂ ಕಟ್ಟಿಕೊಂಡರೆ ಅದೇ ದಿನ ಗೊತ್ತಾಗುತ್ತದೆ.

ಇನ್ನು ಲೆಕ್ಕ. ಬಡಾವಣೆ ಆದಮೇಲೆ ನೀರು ಎಷ್ಟು ಹೆಚ್ಚುತ್ತದೆ ಎಂಬುದೇ ಇಡೀ ಯೋಜನೆಯ ತಳಪಾಯ. ಸಣ್ಣ ಜಮೀನಿಗೆ ಬಳಸುವ ಸೂತ್ರ ಹಳೆಯದು. ಐರ್ಲೆಂಡಿನ ಥಾಮಸ್ ಮಲ್ವನಿ 1851ರ ಹೊತ್ತಿಗೆ ಇದರ ಮೂಲ ವಿಚಾರ ಬರೆದರು. ಅಮೆರಿಕದ ಎಮಿಲ್ ಕೈಕ್ಲಿಂಗ್ 1889ರಲ್ಲಿ ಅದನ್ನು ಊರಿನ ಚರಂಡಿಗೆ ಒಗ್ಗಿಸಿದರು. ರ್‍ಯಾಷನಲ್ ವಿಧಾನ ಎಂದು ಹೆಸರು. ನೆಲದ ಗುಣಾಂಕ, ಗಂಟೆಗೆ ಎಷ್ಟು ಮಿ.ಮೀ. ಎಂಬ ಮಳೆಯ ಬಿರುಸು, ಹೆಕ್ಟೇರಿನಲ್ಲಿ ವಿಸ್ತೀರ್ಣ, ಈ ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಎಂದು ಸಿಗುತ್ತದೆ. ಬಿದ್ದ ಮಳೆಯಲ್ಲಿ ಎಷ್ಟು ಪಾಲು ಹರಿದು ಬರುತ್ತದೆ ಎಂಬುದೇ ಗುಣಾಂಕ. ಹುಲ್ಲುನೆಲಕ್ಕೆ ಸುಮಾರು 0.1ರಿಂದ 0.3, ಚಾವಣಿ ಮತ್ತು ಡಾಂಬರಿಗೆ 0.7ರಿಂದ 0.95.

ನಿಮ್ಮ ಜಮೀನಿಗೇ ಹಾಕಿ ನೋಡೋಣ. ಮಳೆಯ ಅಂಕಿಗಳನ್ನು ನಾನು ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ನಿಮ್ಮ ಪ್ರದೇಶದ ಮಳೆ ಬಿರುಸು ಮತ್ತು ಅವಧಿಯ ಕೋಷ್ಟಕ ತಂದು ಅದೇ ಜಾಗದಲ್ಲಿ ತುಂಬಿಕೊಳ್ಳಿ. ಈಗಿನ ನೆಲಕ್ಕೆ ಗುಣಾಂಕ 0.25. ಜಮೀನಿನ ಅತಿ ದೂರದ ತುದಿಯ ನೀರು ಕೆಳಗೆ ತಲುಪಲು 30 ನಿಮಿಷ. ಅಷ್ಟು ಹೊತ್ತು ಮಳೆ ಸುರಿದಾಗ ಇಡೀ ಜಮೀನಿನ ನೀರು ಒಟ್ಟಿಗೆ ಕೆಳಗೆ ಬರುತ್ತಿರುತ್ತದೆ, ಅದಕ್ಕೇ ಮಳೆಯನ್ನೂ ಅಷ್ಟೇ ಹೊತ್ತಿನದ್ದು ಹಿಡಿಯುತ್ತೇವೆ. ಹತ್ತು ವರ್ಷಕ್ಕೊಮ್ಮೆ ಬರುವ 30 ನಿಮಿಷದ ಮಳೆಯ ಬಿರುಸು ಗಂಟೆಗೆ 60 ಮಿ.ಮೀ. ಎಂದುಕೊಳ್ಳಿ. ಸೆಕೆಂಡಿಗೆ 167 ಲೀಟರ್ ಬರುತ್ತದೆ. ಬಡಾವಣೆ ಆದಮೇಲೆ ಗುಣಾಂಕ 0.65. ಡಾಂಬರು, ಕಾಂಕ್ರೀಟಿನ ಮೇಲೆ ನೀರು ಬೇಗ ಓಡುವುದರಿಂದ 12 ನಿಮಿಷಕ್ಕೇ ಕೆಳಗೆ ಬರುತ್ತದೆ. 12 ನಿಮಿಷದ ಮಳೆ ಇನ್ನೂ ಬಿರುಸು, ಗಂಟೆಗೆ 95 ಮಿ.ಮೀ. ಎನ್ನೋಣ. ಈಗ ಸೆಕೆಂಡಿಗೆ 686 ಲೀಟರ್!

ನಾಲ್ಕು ಪಟ್ಟು. ಇದರಲ್ಲಿ ಗುಣಾಂಕ ಏರಿದ್ದರ ಪಾಲು 2.6 ಪಟ್ಟು, ನೀರು ಬೇಗ ತಲುಪಿದ್ದರ ಪಾಲು ಸುಮಾರು 1.6 ಪಟ್ಟು. ಈ ಎರಡನೆಯದನ್ನು ಜನ ಗಮನಿಸುವುದೇ ಇಲ್ಲ. ಪೈಪ್ ಹಾಕಿ ಹಳ್ಳಕ್ಕೆ ಬಿಡಿ ಎನ್ನುವ ನಿಮ್ಮ ಸ್ನೇಹಿತರ ಸಲಹೆ ಎಡವುವುದು ಇಲ್ಲೇ. ಪೈಪ್ ನೀರನ್ನು ಇನ್ನೂ ಬೇಗ ತಲುಪಿಸುತ್ತದೆ. ನಿಮ್ಮ ಬಡಾವಣೆ ಒಣಗಿರುತ್ತದೆ, ಕೆಳಗಿನವರ ಮನೆಗೆ ನೀರು ನುಗ್ಗುತ್ತದೆ. ಹುಲ್ಲುಗಾಲುವೆ, ರಸ್ತೆಗೆ ನೇರ ಸೇರದ ಚಾವಣಿ ನೀರು, ಅಂಗಳದಲ್ಲಿ ಸ್ವಲ್ಪ ಬರಿ ಮಣ್ಣು, ಇವೆಲ್ಲ ಗುಣಾಂಕವನ್ನೂ ಇಳಿಸುತ್ತವೆ, ಓಟವನ್ನೂ ತಡೆಯುತ್ತವೆ. ಹೊಂಡ ತೋಡುವ ಮೊದಲು ಇಲ್ಲಿ ಎಷ್ಟು ಗಿಟ್ಟುತ್ತದೋ ನೋಡಿ. ಗುಣಾಂಕ 0.65ರಿಂದ 0.5ಕ್ಕೆ ಇಳಿದರೂ ಹೊಂಡ ಎಷ್ಟೋ ಚಿಕ್ಕದಾಗುತ್ತದೆ.

ಹೊಂಡದ ಅಳತೆ ಕೇಳಿದ್ದಿರಿ. ಮಳೆ ಬಂದಾಗ ಹಿಡಿದಿಟ್ಟುಕೊಂಡು, ಮೊದಲು ಎಷ್ಟು ಹರಿಯುತ್ತಿತ್ತೋ ಅಷ್ಟನ್ನೇ ನಿಧಾನವಾಗಿ ಬಿಡುವುದು ಅದರ ಕೆಲಸ. ಒಳಗೆ ಬರುವುದು ಜಾಸ್ತಿ, ಹೊರಗೆ ಹೋಗುವುದು ಕಮ್ಮಿ. ನಡುವಿನ ವ್ಯತ್ಯಾಸವೇ ಹೊಂಡದ ಗಾತ್ರ. ಇಲ್ಲಿ ಬಹಳ ಜನ ಒಂದೇ ಕಡೆ ಜಾರುತ್ತಾರೆ. 12 ನಿಮಿಷದ ಮಳೆಯಲ್ಲಿ ಹರಿವು ಗರಿಷ್ಠ ಇರುವುದರಿಂದ ಹೊಂಡವನ್ನೂ ಅದಕ್ಕೇ ಲೆಕ್ಕ ಹಾಕುತ್ತಾರೆ. ಪೈಪಿಗೆ ಅದು ಸರಿ, ಹೊಂಡಕ್ಕೆ ತಪ್ಪು. ಬಿರುಸು ಕಮ್ಮಿ ಇದ್ದರೂ ಹೆಚ್ಚು ಹೊತ್ತು ಸುರಿಯುವ ಮಳೆಯೇ ಹೊಂಡವನ್ನು ತುಂಬಿಸುವುದು.

ಅದೇ ಉದಾಹರಣೆ ಮುಂದುವರಿಸಿ ನೋಡಿ. ಹೊರಕ್ಕೆ ಸೆಕೆಂಡಿಗೆ 167 ಲೀಟರ್ ಮಾತ್ರ ಬಿಡುತ್ತೇವೆ. 12 ನಿಮಿಷದ ಮಳೆಗೆ ಹೊಂಡದಲ್ಲಿ ಹಿಡಿಯಬೇಕಾದ್ದು ಸುಮಾರು 374 ಘನ ಮೀಟರ್. ಗಂಟೆಗೆ 60 ಮಿ.ಮೀ. ಬಿರುಸಿನ 30 ನಿಮಿಷದ ಮಳೆಗೆ 570. ಗಂಟೆಗೆ 40 ಮಿ.ಮೀ. ಬಿರುಸಿನ ಒಂದು ಗಂಟೆಯ ಮಳೆಗೆ 680. ಗಂಟೆಗೆ 25 ಮಿ.ಮೀ. ಬಿರುಸಿನ ಎರಡು ಗಂಟೆಯ ಮಳೆಗೆ ಮತ್ತೆ 640ಕ್ಕೆ ಇಳಿಯುತ್ತದೆ. ಅಂದರೆ ಈ ಜಮೀನಿಗೆ ಕಷ್ಟದ ಮಳೆ ಸುಮಾರು ಒಂದು ಗಂಟೆಯದು. 12 ನಿಮಿಷವನ್ನೇ ನಂಬಿದ್ದರೆ ಬೇಕಾದ್ದರಲ್ಲಿ ಅರ್ಧಕ್ಕಿಂತ ತುಸು ಜಾಸ್ತಿ ಹೊಂಡ ತೋಡಿ ನೆಮ್ಮದಿಯಾಗಿ ಕೂತಿರುತ್ತಿದ್ದಿರಿ. ನಿಮ್ಮ ಎಂಜಿನಿಯರ್ ಕೊಟ್ಟ ಲೆಕ್ಕದಲ್ಲಿ ಒಂದೇ ಒಂದು ಮಳೆ ಅವಧಿ ಇದ್ದರೆ ವಾಪಸ್ ಕಳಿಸಿ.

680ಕ್ಕೆ 20 ಶೇಕಡಾ ಸೇರಿಸಿ ಸುಮಾರು 820 ಎಂದಿಟ್ಟುಕೊಳ್ಳಿ. ಅಷ್ಟು ಯಾಕೆ? ಗಾಳಿ 1 ಡಿಗ್ರಿ ಬಿಸಿಯಾದರೆ ಅದು ಹಿಡಿದುಕೊಳ್ಳಬಲ್ಲ ತೇವ ಸುಮಾರು 7 ಶೇಕಡಾ ಹೆಚ್ಚುತ್ತದೆ. ಹಳೇ ಮಳೆ ದಾಖಲೆಯಿಂದ ಮಾಡಿದ ಕೋಷ್ಟಕ ಮುಂದಿನ 50 ವರ್ಷಕ್ಕೆ ಸಾಲುವುದಿಲ್ಲ. ಜೊತೆಗೆ ಹೂಳೂ ಜಾಗ ತಿನ್ನುತ್ತದೆ. 820 ಘನ ಮೀಟರ್ ನೀರು 1.2 ಮೀಟರ್ ಆಳದಲ್ಲಿ ನಿಂತರೆ ಸರಾಸರಿ 680 ಚದರ ಮೀಟರ್ ಬೇಕು. ಆದರೆ ಬದಿಗಳನ್ನು ಕಡಿದಾಗಿ ಮಾಡುವ ಹಾಗಿಲ್ಲ. ಮಕ್ಕಳು ಬಿದ್ದರೆ ಹತ್ತಿ ಬರುವಷ್ಟು, ಅಂದರೆ 4 ಮೀಟರ್ ಅಡ್ಡಕ್ಕೆ 1 ಮೀಟರ್ ಎತ್ತರದ ಇಳಿಜಾರು ಬೇಕು. ನೀರಿನ ಮೇಲೆ 300 ಮಿ.ಮೀ. ಖಾಲಿ ಎತ್ತರ ಬೇಕು. ಸುತ್ತ ಜೆಸಿಬಿ ಓಡಾಡಲು 3 ಮೀಟರ್ ದಾರಿ ಬೇಕು. ಎಲ್ಲ ಸೇರಿದರೆ 1500 ಚದರ ಮೀಟರ್ ಹತ್ತಿರ ಆಗುತ್ತದೆ. 400 ಚದರ ಮೀಟರಿನ ಸೈಟಾದರೆ ಹೆಚ್ಚುಕಮ್ಮಿ ನಾಲ್ಕು ಸೈಟು ಹೋದಂತೆ. ಮೂಲೆಯಲ್ಲಿ ಉಳಿದ ತ್ರಿಕೋನದ ಚೂರು ಸಾಲುವುದಿಲ್ಲ. ನಕ್ಷೆಗೂ ಮೊದಲೇ ಈ ಲೆಕ್ಕ ಆಗಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ. ಹೊಂಡ ಜಮೀನಿನ ಅತಿ ತಗ್ಗಿನಲ್ಲಿ, ಹಳ್ಳದ ಪ್ರವಾಹದ ಮಟ್ಟಕ್ಕಿಂತ ಮೇಲೆ ಇರಬೇಕು. ಹಳ್ಳ ಉಕ್ಕಿದಾಗ ಹೊಂಡಕ್ಕೇ ನೀರು ನುಗ್ಗಿದರೆ ಅದು ನಿಮ್ಮ ಉಪಯೋಗಕ್ಕೆ ಬರುವುದಿಲ್ಲ.

ಹೊಂಡದ ಜೀವ ಇರುವುದು ತೂಬಿನಲ್ಲಿ. ಒಂದು ಮೀಟರಿಗಿಂತ ತುಸು ಹೆಚ್ಚು ನೀರಿನ ಒತ್ತಡಕ್ಕೆ ಸೆಕೆಂಡಿಗೆ 167 ಲೀಟರ್ ಹೋಗಬೇಕಾದರೆ ಸುಮಾರು 280 ಮಿ.ಮೀ. ಅಗಲದ ತೂತು ಸಾಕು. ಆದರೆ ಒಂದೇ ತೂತು ಇಟ್ಟರೆ ದೊಡ್ಡ ಮಳೆಗೆ ಮಾತ್ರ ತಡೆ ಸಿಗುತ್ತದೆ. ವರ್ಷಕ್ಕೆ ಹಲವು ಸಲ ಬರುವ ಸಣ್ಣ ಮಳೆಯ ನೀರು ತಡೆಯಿಲ್ಲದೆ ಹಾದುಹೋಗುತ್ತದೆ. ಹಳ್ಳದ ದಡ ಕೊರೆಯುವುದು ಹೆಚ್ಚಾಗಿ ಇಂಥ ಸಣ್ಣ ಮಳೆಗಳೇ, ಮತ್ತೆ ಮತ್ತೆ ಬಂದು. ಅದಕ್ಕೇ ತಳದಲ್ಲಿ ಒಂದು ಸಣ್ಣ ತೂತು, ಮೇಲಿನ ಮಟ್ಟದಲ್ಲಿ ಇನ್ನೊಂದು ದೊಡ್ಡದು, ಹೀಗೆ ಹಂತ ಹಂತವಾಗಿ ಮಾಡಿ. ಹೊಂಡ ತುಂಬಿದಾಗ ಎಲ್ಲ ಸೇರಿ 167 ಲೀಟರ್ ದಾಟದಿದ್ದರೆ ಆಯಿತು. 75 ಮಿ.ಮೀ.ಗಿಂತ ಸಣ್ಣ ತೂತು ಬೇಡ, ಎಲೆ ಮತ್ತು ಪ್ಲಾಸ್ಟಿಕ್ ಕಟ್ಟಿಕೊಳ್ಳುತ್ತದೆ. ಮುಂದೆ ಓರೆಯಾದ ಜಾಲರಿ ಇರಲಿ. ನೀರು ಹೆಚ್ಚಾದಾಗ ಉಕ್ಕಿ ಹೋಗಲು ಕೋಡಿ ಬೇಕೇ ಬೇಕು, ಕಲ್ಲು ಹಾಸಿದ್ದು. ತೂಬು ಪೂರ್ತಿ ಮುಚ್ಚಿಹೋಗಿದೆ ಎಂದುಕೊಂಡೇ ಕೋಡಿಯ ಅಗಲ ಲೆಕ್ಕ ಹಾಕಿ. ಕೋಡಿ ಇಲ್ಲದ ಹೊಂಡದ ಏರಿ ಒಡೆದರೆ ಒಂದೇ ಸಲಕ್ಕೆ ಎಲ್ಲ ನೀರೂ ಕೆಳಗೆ ನುಗ್ಗುತ್ತದೆ. ಹೊಂಡವೇ ಇಲ್ಲದಿದ್ದರೂ ಅಷ್ಟು ಅನಾಹುತ ಆಗುತ್ತಿರಲಿಲ್ಲ.

ಸೊಳ್ಳೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಬೆಚ್ಚಗಿನ ಹವೆಯಲ್ಲಿ ಸಾಮಾನ್ಯವಾಗಿ ಒಂದು ವಾರದ ಮೇಲೆ ಬೇಕು. ಹೊಂಡ 72 ಗಂಟೆಯೊಳಗೆ ಖಾಲಿಯಾದರೆ ತೊಂದರೆ ಇಲ್ಲ. ತೊಂದರೆ ಬರುವುದು ತಳದಲ್ಲಿ ಮಟ್ಟ ತಪ್ಪಿ ಅಲ್ಲಲ್ಲಿ ನಿಲ್ಲುವ ನೀರಿನಿಂದ. ತಳಕ್ಕೆ ತೂಬಿನ ಕಡೆಗೆ ಇಳಿಜಾರು ಕೊಡಿ.

ಇಂಗುಗುಂಡಿಯ ಮಾತು ಈಗ. ನನಗೆ ಇಂಗುಗುಂಡಿ ಇಷ್ಟ. ಅಂತರ್ಜಲಕ್ಕೆ ಒಳ್ಳೆಯದು, ಸಣ್ಣ ಮಳೆಯ ನೀರು ರಸ್ತೆಗೇ ಬರದ ಹಾಗೆ ಮಾಡುತ್ತದೆ. ಆದರೆ ಅದೊಂದೇ ಸಾಕು ಎನ್ನುವವರು ಗುಣಾಕಾರ ಮಾಡಿಲ್ಲ. 1.2 ಮೀಟರ್ ಅಗಲ, 3 ಮೀಟರ್ ಆಳದ ದುಂಡು ಗುಂಡಿ ಖಾಲಿ ಇದ್ದಾಗ ಸುಮಾರು 3.4 ಘನ ಮೀಟರ್ ಹಿಡಿಯುತ್ತದೆ. ಜಲ್ಲಿ ತುಂಬಿದರೆ ಸಂದಿಯಲ್ಲಿ ಉಳಿಯುವ ಜಾಗ 40 ಶೇಕಡಾ, ಅಂದರೆ 1.4 ಘನ ಮೀಟರ್. 60 ಮನೆಗೂ ಖಾಲಿ ಗುಂಡಿಯೇ ಇದ್ದು, ಎಲ್ಲವೂ ಕೆಲಸ ಮಾಡಿದರೂ ಸುಮಾರು 200 ಘನ ಮೀಟರ್. ನಮಗೆ ಬೇಕಾದ್ದು 680. ಇಷ್ಟೇ ಅಲ್ಲ, ಮಣ್ಣು ಎಷ್ಟು ಬೇಗ ಕುಡಿಯುತ್ತದೆ ಎಂಬುದೂ ಮುಖ್ಯ. ಜೇಡಿಮಣ್ಣು ಗಂಟೆಗೆ 5 ಮಿ.ಮೀ. ಕುಡಿದರೆ ಆ ಗುಂಡಿ ಖಾಲಿಯಾಗಲು ಎರಡು ದಿನಕ್ಕೂ ಜಾಸ್ತಿ ಬೇಕು. ಮಾರನೇ ದಿನ ಇನ್ನೊಂದು ಮಳೆ ಬಂದರೆ ಗುಂಡಿ ತುಂಬಿಯೇ ಇರುತ್ತದೆ.

ಅದಕ್ಕೇ ಇಂಗುವ ಪರೀಕ್ಷೆ ಮಾಡಿಸದೆ ಒಂದೂ ಗುಂಡಿ ತೋಡಬೇಡಿ. ಗುಂಡಿಯ ತಳ ಬರುವ ಆಳದಲ್ಲೇ ಪರೀಕ್ಷೆ ಆಗಲಿ, ಮಣ್ಣನ್ನು ಮೊದಲು ಚೆನ್ನಾಗಿ ನೆನೆಸಿ ಆಮೇಲೆ ಅಳೆಯಲಿ. ಒಣಮಣ್ಣು ಮೊದಲಿಗೆ ಬೇಗ ಬೇಗ ಕುಡಿದು ಮೋಸ ಮಾಡುತ್ತದೆ. ಬಂದ ಅಂಕಿಯ ಅರ್ಧವನ್ನೇ ಲೆಕ್ಕಕ್ಕೆ ಹಿಡಿಯಿರಿ, ವರ್ಷ ಕಳೆದಂತೆ ಸಂದಿಗಳು ಹೂಳಿನಿಂದ ಮುಚ್ಚುತ್ತವೆ. ಮನೆಯ ತಳಪಾಯದಿಂದ ಗುಂಡಿ 5 ಮೀಟರ್ ದೂರ ಇರಲಿ. ಗುಂಡಿಯ ತಳ ಮತ್ತು ಮಳೆಗಾಲದ ಅಂತರ್ಜಲ ಮಟ್ಟದ ನಡುವೆ ಒಂದು ಮೀಟರಾದರೂ ಮಣ್ಣಿರಲಿ. ಚಾವಣಿ ನೀರು ಮಾತ್ರ ಇದಕ್ಕೆ ಹೋಗಲಿ, ರಸ್ತೆ ನೀರು ಬೇಡ. ರಸ್ತೆಯ ಮೊದಲ ನೀರಿನಲ್ಲಿ ಎಣ್ಣೆ, ಟೈರಿನ ಪುಡಿ, ಕಸ ಎಲ್ಲ ಇರುತ್ತದೆ. ಅದಕ್ಕೆ ರಸ್ತೆ ಬದಿಯ ಮಳೆತೋಟ ಒಳ್ಳೆಯದು. ಇದು ರಸ್ತೆಗಿಂತ ತಗ್ಗಾದ ಗಿಡದ ಪಾತಿ. ಮೇಲೆ 150 ಮಿ.ಮೀ.ನಷ್ಟು ನೀರು ನಿಲ್ಲುತ್ತದೆ, ಕೆಳಗಿನ ಮರಳು ಬೆರೆತ ಮಣ್ಣು ಅದನ್ನು ಸೋಸುತ್ತದೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿ 1990ರ ದಶಕದ ಆರಂಭದಲ್ಲಿ ಈ ವಿಧಾನ ರೂಪುಗೊಂಡಿತು, ಹೊಸ ಬಡಾವಣೆಯ ಮನೆಮನೆಯ ಅಂಗಳಕ್ಕೂ ಬಂತು.

ಪೈಪಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ನಿಮ್ಮ ಎಂಜಿನಿಯರಿಗೆ ಚೆನ್ನಾಗಿ ಬರುವ ಕೆಲಸ. ಎರಡು ಮಾತು ಸಾಕು. ಪೂರ್ತಿ ತುಂಬಿ ಹರಿದಾಗ ನೀರಿನ ವೇಗ ಸೆಕೆಂಡಿಗೆ 0.75 ಮೀಟರಾದರೂ ಇರಲಿ, ಇಲ್ಲದಿದ್ದರೆ ಹೂಳು ಕೂರುತ್ತದೆ. ರಸ್ತೆಯ ತಗ್ಗಿನಲ್ಲಿರುವ ಜಾಲರಿ ಅರ್ಧ ಮುಚ್ಚಿದೆ ಎಂದುಕೊಂಡೇ ಅದರ ಅಳತೆ ನಿರ್ಧರಿಸಿ. ಪೈಪ್ ಎಷ್ಟೇ ದೊಡ್ಡದಿದ್ದರೂ ಜಾಲರಿಯಲ್ಲಿ ನೀರು ಇಳಿಯದಿದ್ದರೆ ರಸ್ತೆಯೇ ಹೊಳೆ.

ರಸ್ತೆಯೇ ಹೊಳೆಯಾಗುವ ದಿನ ಹೇಗೂ ಬಂದೇ ಬರುತ್ತದೆ ಎಂದು ಇಟ್ಟುಕೊಳ್ಳಿ. ಪೈಪುಗಳನ್ನು ಸಾಮಾನ್ಯವಾಗಿ 2ರಿಂದ 10 ವರ್ಷಕ್ಕೊಮ್ಮೆ ಬರುವ ಮಳೆಗೆ ಹಾಕುತ್ತಾರೆ. ಹತ್ತು ವರ್ಷಕ್ಕೊಮ್ಮೆ ಎಂದರೆ ಪ್ರತಿ ವರ್ಷವೂ 10 ಶೇಕಡಾ ಸಾಧ್ಯತೆ. ಈ ವರ್ಷ ಬಂತು, ಇನ್ನು ಹತ್ತು ವರ್ಷ ನಿಶ್ಚಿಂತೆ ಎಂದಲ್ಲ. ನೂರು ವರ್ಷಕ್ಕೊಮ್ಮೆಯ ಮಳೆ 30 ವರ್ಷದೊಳಗೆ ಒಮ್ಮೆಯಾದರೂ ಬರುವ ಸಾಧ್ಯತೆ 26 ಶೇಕಡಾ. ಹೆಚ್ಚುಕಮ್ಮಿ ಒಂದು ಗೃಹಸಾಲದ ಅವಧಿ ಅದು! ಅಂಥ ದಿನ ಪೈಪ್ ತುಂಬಿ ಮಿಕ್ಕ ನೀರು ಎಲ್ಲಿ ಹರಿಯಬೇಕು ಎಂದು ನಕ್ಷೆಯಲ್ಲೇ ಬರೆದಿಡಬೇಕು. ರಸ್ತೆಗಳ ಮೇಲೆ ಹರಿದು, ತಗ್ಗಿನಲ್ಲಿ ಉದ್ಯಾನ ದಾಟಿ, ಹೊಂಡದ ಕೋಡಿಗೆ ಬರಲಿ. ರಸ್ತೆಯನ್ನು ಸೈಟಿಗಿಂತ ತಗ್ಗಾಗಿಡಿ. ಮನೆಯ ನೆಲದ ಮಟ್ಟ ಆ ನೂರು ವರ್ಷದ ನೀರಿಗಿಂತ 300 ಮಿ.ಮೀ. ಮೇಲಿರಬೇಕು ಎಂದು ಪ್ರತಿ ಸೈಟಿಗೂ ಅಂಕಿ ಕೊಟ್ಟು, ಕೊಳ್ಳುವವರ ಕಾಗದಪತ್ರದಲ್ಲೇ ಸೇರಿಸಿ. ವರ್ಷಕ್ಕೊಮ್ಮೆ ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಎತ್ತರಿಸುವ ಅಭ್ಯಾಸ ಇದನ್ನೆಲ್ಲ ಹಾಳು ಮಾಡುತ್ತದೆ. ಹಳೇ ಪದರ ಕೆರೆದು ತೆಗೆದ ಮೇಲೇ ಹೊಸದು.

ಕಟ್ಟುವ ಹಂತದಲ್ಲಿ ಕೆಡುವುದೇ ಜಾಸ್ತಿ. ಬರಿಮಣ್ಣಾಗಿ ಬಿದ್ದಿರುವ ಜಮೀನಿನಿಂದ ಒಂದೇ ಮಳೆಗಾಲದಲ್ಲಿ ಕೊಚ್ಚಿಹೋಗುವ ಮಣ್ಣು, ಹುಲ್ಲು ಬೆಳೆದ ನೆಲದಿಂದ ಎಷ್ಟೋ ವರ್ಷ ಹೋಗುವಷ್ಟು ಇರುತ್ತದೆ. ಇಡೀ ಜಮೀನನ್ನು ಒಂದೇ ಸಲ ಕೆರೆಯಬೇಡಿ, ಭಾಗ ಭಾಗವಾಗಿ ಮಾಡಿ. ಹೊಂಡವನ್ನು ಮೊದಲೇ ತೋಡಿ ಹೂಳು ಹಿಡಿಯಲು ಬಳಸಬಹುದು. ಆದರೆ ನೀರು ಇಂಗಿಸಲು ಇಟ್ಟ ಜಾಗವನ್ನು ಅದಕ್ಕೆ ಬಳಸಲೇಬಾರದು. ಬೇರೆ ದಾರಿಯೇ ಇಲ್ಲದಿದ್ದರೆ ಕೊನೆಯ 300 ಮಿ.ಮೀ. ಮಣ್ಣು ತೆಗೆಯದೆ ಬಿಟ್ಟು, ರಸ್ತೆ, ಮನೆ, ಹುಲ್ಲು ಎಲ್ಲ ಮುಗಿದ ಮೇಲೆ ಹೂಳಿನ ಸಮೇತ ತೆಗೆಯಿರಿ. ಮಳೆತೋಟ ಬರುವ ಜಾಗಕ್ಕೆ ಮೊದಲ ದಿನವೇ ಬೇಲಿ ಹಾಕಿಸಿ. ಲಾರಿಗಳು ಅದರ ಮೇಲೆ ಓಡಾಡಿದರೆ ಮಣ್ಣು ಗಟ್ಟಿಯಾಗಿ, ಪರೀಕ್ಷೆಯಲ್ಲಿ ಬಂದ ಅಂಕಿಗೆ ಅರ್ಥವೇ ಇರುವುದಿಲ್ಲ. ಕೆಲಸ ಮುಗಿದ ಮೇಲೆ ಹೊಂಡ, ತೂಬು, ಕೋಡಿಯ ಮಟ್ಟಗಳನ್ನು ಮತ್ತೊಮ್ಮೆ ಸರ್ವೆ ಮಾಡಿಸಿ. ಕೋಡಿ 150 ಮಿ.ಮೀ. ತಗ್ಗಾಗಿ ಬಂದರೂ ಈ ಗಾತ್ರದ ಹೊಂಡದಲ್ಲಿ 100 ಘನ ಮೀಟರಿಗೂ ಹೆಚ್ಚು ಜಾಗ ಕಳೆದುಹೋಗುತ್ತದೆ.

ಇನ್ನು, ಸೈಟು ಎಲ್ಲ ಮಾರಿ ನೀವು ಹೊರಟ ಮೇಲೆ ಈ ಹೊಂಡ ಯಾರದು? ಈ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಇಲ್ಲದಿದ್ದರೆ ಹತ್ತು ವರ್ಷದಲ್ಲಿ ಅದು ಕಸದ ಗುಂಡಿಯಾಗುತ್ತದೆ, ಆಮೇಲೆ ಯಾರೋ ಮುಚ್ಚಿ ಸೈಟು ಮಾಡುತ್ತಾರೆ. ಹೊಂಡ, ಕಾಲುವೆ, ಅವುಗಳಿಗೆ ಹೋಗುವ ದಾರಿ, ಮೂರನ್ನೂ ಸಾರ್ವಜನಿಕ ಜಾಗ ಎಂದು ನೋಂದಣಿಯಲ್ಲೇ ಬರೆಸಿ. ನೀರು ಒಳಬರುವ ಕಡೆ ಹೂಳು ನಿಲ್ಲಲು ಒಂದು ಸಣ್ಣ ಮುಂಗುಂಡಿ ಮಾಡಿ, ಹೊಂಡದ ಗಾತ್ರದ 10 ಶೇಕಡಾ ಇದ್ದರೆ ಸಾಕು. ಅದು ಅರ್ಧ ತುಂಬಿದಾಗ ತೆಗೆಸುತ್ತಿದ್ದರೆ ದೊಡ್ಡ ಹೊಂಡಕ್ಕೆ ಬಹಳ ವರ್ಷ ಕೈ ಹಾಕಬೇಕಾಗಿಲ್ಲ. ಮುಂಗುಂಡಿಯ ತಳಕ್ಕೆ ಕಲ್ಲು ಹಾಸಿಸಿ, ಎಲ್ಲಿಗೆ ಅಗೆಯುವುದು ನಿಲ್ಲಿಸಬೇಕು ಎಂದು ಜೆಸಿಬಿಯವರಿಗೆ ತಿಳಿಯಲಿ.

ಕೊನೆಗೆ ಆ ಹಳೇ ಮೋರಿ. ಅದನ್ನು ಸುಮ್ನೆ ದೊಡ್ಡದು ಮಾಡಿಸಲು ಹೋಗಬೇಡಿ. ಸಣ್ಣ ಮೋರಿ ಎಷ್ಟೋ ಸಲ ತನ್ನ ಹಿಂದೆ ನೀರು ತಡೆದು ಕೆಳಗಿನವರನ್ನು ಕಾಪಾಡುತ್ತಿರುತ್ತದೆ. ಅದನ್ನು ಅಗಲ ಮಾಡಿದ ವರ್ಷವೇ ಕೆಳಗೆ, ಮೊದಲು ಎಂದೂ ಬರದ ಕಡೆ, ನೀರು ಬರಬಹುದು. ಹಾಗೆಂದು ಬಿಡುವಂತೆಯೂ ಇಲ್ಲ. ಮೋರಿಯ ಹಿಂದೆ ನಿಲ್ಲುವ ನೀರು ನಿಮ್ಮ ತೂಬಿನ ಬಾಯಿ ಮುಚ್ಚುವಷ್ಟು ಮೇಲೆ ಬಂದರೆ ಹೊಂಡ ಖಾಲಿಯಾಗುವುದೇ ಇಲ್ಲ. ಆದ್ದರಿಂದ ಮೋರಿಯ ತಳದ ಮಟ್ಟ, ಅಗಲ, ಎತ್ತರ ಅಳೆಸಿ, ಅದರ ಹಿಂದೆ ದೊಡ್ಡ ಮಳೆಯಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಲೆಕ್ಕ ಹಾಕಿಸಿ. ಆ ಮಟ್ಟದ ಮೇಲೆ ತೂಬು ಕೂರಿಸಲು ಆಗದಿದ್ದರೆ, ನೀರು ಹೊರಕ್ಕೆ ಹೋಗಲು ಬಿಟ್ಟು ಒಳಕ್ಕೆ ಬರದಂತೆ ತಡೆಯುವ ಮುಚ್ಚಳದ ಕವಾಟ ಹಾಕಿ, ಹೊಂಡವನ್ನು ಅದಕ್ಕೆ ತಕ್ಕಂತೆ ದೊಡ್ಡದು ಮಾಡಿ.

ಇದರ ಜೊತೆಗೆ ಇನ್ನೊಂದು ಲೆಕ್ಕ ಕೇಳಿ. ನಿಮ್ಮ ಜಮೀನು ಹಳ್ಳದ ಇಡೀ ಜಲಾನಯನದಲ್ಲಿ ಎಲ್ಲಿದೆ? ಮೇಲ್ಭಾಗದಲ್ಲಿದ್ದರೆ ನೀರು ತಡೆದು ಬಿಡುವುದರಿಂದ ಎಲ್ಲರಿಗೂ ಒಳ್ಳೆಯದು. ಬಹಳ ಕೆಳಗಿದ್ದರೆ ವಿಷಯ ಬೇರೆ. ಮೇಲಿನಿಂದ ಹಳ್ಳದ ಪ್ರವಾಹ ಬರುವ ಮೊದಲೇ ನಿಮ್ಮ ನೀರು ಹೋಗಿಬಿಡುತ್ತಿತ್ತು. ಈಗ ಹೊಂಡದಲ್ಲಿ ತಡೆದು ಬಿಟ್ಟರೆ ಅದು ಸರಿಯಾಗಿ ಪ್ರವಾಹದ ಹೊತ್ತಿಗೇ ಹಳ್ಳ ಸೇರಬಹುದು. ಅಂಥ ಜಾಗದಲ್ಲಿ ಹೊಂಡದ ಗಾತ್ರಕ್ಕಿಂತ ಅದು ಖಾಲಿಯಾಗುವ ಹೊತ್ತು ಮುಖ್ಯ. ಇದನ್ನು ಮೇಲೆ ಹೇಳಿದ ಸರಳ ಸೂತ್ರ ತೋರಿಸುವುದಿಲ್ಲ, ಹೊತ್ತು ಹೊತ್ತಿನ ಹರಿವು ತೋರಿಸುವ ಮಾದರಿ ಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸ್ವಿಮ್ (SWMM) ಎಂಬ ತಂತ್ರಾಂಶ 1971ರಿಂದ ಇದೆ, ಉಚಿತವಾಗಿ ಸಿಗುತ್ತದೆ. ಅದನ್ನು ಬಳಸಬಲ್ಲ ಎಂಜಿನಿಯರ್ ಹತ್ತಿರ ಬಡಾವಣೆಗೆ ಮೊದಲಿನದು, ಬಡಾವಣೆ ಆದಮೇಲಿನದು, ಹೊಂಡದ ಸಮೇತದ್ದು, ಮೂರೂ ಓಡಿಸಿ, ಮೋರಿಯ ಹತ್ತಿರದ ಹರಿವನ್ನು ಒಂದೇ ಹಾಳೆಯ ಮೇಲೆ ಮೂರು ಗೆರೆಗಳಾಗಿ ಬರೆಸಿ ತೆಗೆದುಕೊಳ್ಳಿ. ಮೂರನೇ ಗೆರೆಯ ಅತಿ ಎತ್ತರದ ಬಿಂದು ಮೊದಲನೆಯದರ ಅತಿ ಎತ್ತರದ ಬಿಂದುವಿಗಿಂತ ಮೇಲೆ ಹೋಗದಿದ್ದರೆ ಮೋರಿಯನ್ನು ಮುಟ್ಟುವ ಅಗತ್ಯ ಇಲ್ಲ.